ಐದನೇ ಕಾಲು

ಕಡಲ ಸಂಶೋಧನಾ ಸಂಸ್ಥೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಗೇಟಿನ ಕಾವಲುಗಾರನಿಂದ ಹಿಡಿದು ದೋಣಿ ನಡೆಸುವವನವರೆಗೆ ಎಲ್ಲರಿಗೂ ಅವನು 'ಐದನೇ ಕಾಲು'. ಇಪ್ಪತ್ತಾರು ವರ್ಷಗಳಿಂದ ಅವನು ಮಾಡಿಕೊಂಡು ಬಂದದ್ದು ಅದೇ ಕೆಲಸ. ದಡದ ನೀರಿನಲ್ಲಿ ತೇಲುವ, ಅಕ್ಕಿ ನುಚ್ಚಿಗಿಂತ ಸಣ್ಣ, ಸಿಗಡಿಗೆ ದೂರದ ನೆಂಟರಾದ ಜೀವಿಗಳ ಐದನೇ ಜೋಡಿ ಕಾಲಿನ ಚಿತ್ರ ಬರೆಯುವುದು. ಕೋಪೆಪಾಡ್ ಎಂದು ಕರೆಯುವ ಈ ಜೀವಿಗಳು ಮೇಲುನೋಟಕ್ಕೆ ಎಲ್ಲವೂ ಒಂದೇ ಥರ. ಒಂದು ಬಗೆಯನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳಬೇಕೆಂದರೆ ಗಂಡನ್ನು ಹುಡುಕಿ, ಸೂಜಿ ಮೊನೆಯಿಂದ ಅದರ ಕೊನೆಯ ಜೋಡಿ ಕಾಲು ಬಿಡಿಸಿ, ಸ್ಲೈಡಿನ ಮೇಲಿಟ್ಟು ನೋಡಬೇಕು.

"ಪ್ರಪಂಚದಲ್ಲಿ ಎಲ್ರೂ ಮುಖ ನೋಡಿ ಗುರುತು ಹಿಡೀತಾರೆ, ನೀವು ಮಾತ್ರ ಕಾಲು ಕಿತ್ತು ನೋಡ್ತೀರಿ," ಎಂದು ದೋಣಿಯವನು ಕಿಚಾಯಿಸುತ್ತಿದ್ದ. "ನಿಮಗೆ ಮದುವೆ ಆಗದೇ ಇದ್ದದ್ದೇ ಒಳ್ಳೇದಾಯ್ತು ಬಿಡಿ. ಪಾಪ, ಒಂದು ಜೀವ ಉಳೀತು."

ಅವನು ನಕ್ಕು ಸುಮ್ಮನಾಗುತ್ತಿದ್ದ. ನಕ್ಕು ಸುಮ್ಮನಾಗುವುದು ಅವನಿಗೆ ಚೆನ್ನಾಗಿ ರೂಢಿಯಾಗಿತ್ತು.

ಅವನನ್ನು ಇಲ್ಲಿಗೆ ತಂದು ಕೂರಿಸಿದವಳು ಅಕ್ಕ. ವಿಭಾಗದ ಮುಖ್ಯಸ್ಥೆ. ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು; ಅಮ್ಮ ತೀರಿಕೊಂಡ ಮೇಲೆ ಅವನಿಗೆ ಅನ್ನ ಹಾಕಿದವಳು, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಾಗ ಬೈದವಳು, ಬೈದು ಮುಗಿಸಿ ಅವನ ಪುಸ್ತಕದ ಅಂಚಿನಲ್ಲಿದ್ದ ಇರುವೆ, ಜೇಡಗಳ ಚಿತ್ರವನ್ನು ಬಹಳ ಹೊತ್ತು ನೋಡಿದವಳು. "ಇವನ ತಲೆ ನನಗೆ ಬೇಡ, ಕೈ ಸಾಕು," ಎಂದು ಅಂದಿನ ನಿರ್ದೇಶಕರ ಮುಂದೆ ಅವನನ್ನು ನಿಲ್ಲಿಸಿದ್ದಳು. ಈಗಲೂ ಹೊಸಬರು ಯಾರಾದರೂ ಬಂದರೆ, "ನನ್ನ ಕಣ್ಣು ತಪ್ಪಬಹುದು, ನನ್ನ ತಮ್ಮನ ಪೆನ್ಸಿಲ್ ತಪ್ಪಲ್ಲ" ಎನ್ನುವಳು. ಪ್ರತಿ ಸಲವೂ ಅವನು ಆ ಮಾತು ಮುಗಿಯುವವರೆಗೆ ಪೆನ್ಸಿಲ್ ಚೂಪು ಮಾಡುತ್ತ ತಲೆ ತಗ್ಗಿಸಿರುತ್ತಿದ್ದ. ನೋಡಿದವರು ನಾಚಿಕೆ ಎಂದುಕೊಳ್ಳುತ್ತಿದ್ದರು.

ಎರಡು ವರ್ಷಗಳಿಂದ ಅಕ್ಕನ ಎರಡೂ ಕಣ್ಣಿನ ನೋಟದ ನಡುಮಧ್ಯೆ ಒಂದು ಮಸುಕು ಕಲೆ ಕೂತಿದೆ. ಎದುರಿಗಿರುವವರ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ಇದು ವಯಸ್ಸಿನದು, ಮನೆತನದಲ್ಲಿ ಬಂದದ್ದು, ಮೈಕ್ರೋಸ್ಕೋಪಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದ್ದರು. ಅಕ್ಕ ನಂಬಿದಳು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವನು ನಂಬಲಿಲ್ಲ. ನಂಬದೇ ಇರುವುದಕ್ಕೆ ಅವನಿಗೆ ಅವನದೇ ಕಾರಣವಿತ್ತು.

ಮಂಗಳವಾರ ಬೆಳಿಗ್ಗೆ, ಅವನು ದೀಪ ಹಚ್ಚಿ ಲೆನ್ಸು ಒರೆಸುತ್ತಿದ್ದಾಗ, ಸಂಶೋಧನೆಗೆ ಸೇರಿದ್ದ ಹುಡುಗಿ ಒಂದು ಸ್ಲೈಡನ್ನು ಅಂಗೈಯಲ್ಲಿ ದೀಪದ ಹಾಗೆ ಹಿಡಿದುಕೊಂಡು ಬಂದಳು. ದಡದುದ್ದಕ್ಕೂ ಹನ್ನೆರಡು ಕಡೆ ಬಲೆ ಎಳೆದು, ಎಲ್ಲೆಲ್ಲಿ ಎಷ್ಟು ಬಗೆ ಇವೆ ಎಂದು ಹೊಸದಾಗಿ ಲೆಕ್ಕ ಹಾಕುವುದು ಅವಳ ಕೆಲಸ. ಯಾರ ಮಾತನ್ನೂ ಕೇಳದೆ, ಸಿಕ್ಕ ಗಂಡುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡುವ ಹುಚ್ಚು ಅವಳಿಗೆ.

"ಸರ್, ಒಂದ್ನಿಮಿಷ ನೋಡ್ತೀರಾ? ಅಳಿವೆ ಬಾಯಿಯ ಬಾಟಲಿಯಲ್ಲಿ ಸಿಕ್ತು. ನಿಮ್ಮ ಪ್ರಾಣಿ ಇದ್ದ ಹಾಗಿದೆ. ಆದ್ರೆ ಅಲ್ಲ."

"ನನ್ನ ಪ್ರಾಣಿ ಯಾವುದಮ್ಮ?"

"ಅದೇ ಸರ್, ಮೇಡಂ ಕಂಡುಹಿಡಿದದ್ದು, ನೀವು ಚಿತ್ರ ಬರೆದದ್ದು. ಬಲಗಾಲಿನ ಬುಡದಲ್ಲಿ ಗುಬುಟು ಇದೆ ನೋಡಿ, ನಿಮ್ಮ ಚಿತ್ರದಲ್ಲಿ ಇದ್ದ ಹಾಗೇ. ಕೂದಲಿನ ಸಾಲು ಕೂಡ ಹಾಗೇ. ಆದ್ರೆ ಎಡಗಾಲಿನ ಉಗುರಲ್ಲಿ ನೀವು ಮೂರು ಹಲ್ಲು ಬರೆದಿದ್ದೀರಿ. ಇದರಲ್ಲಿ ಎರಡೇ. ಆರು ಗಂಡು ಸಿಕ್ಕಿವೆ ಸರ್, ಆರರಲ್ಲೂ ಎರಡೇ."

ಅವನು ಬಗ್ಗಿ ನೋಡಿದ. ಬೇಕೆಂದೇ ಫೋಕಸ್ ತಿರುಗಿಸುತ್ತ ಇನ್ನಷ್ಟು ಹೊತ್ತು ಕಣ್ಣು ಕೀಲಿಸಿ ಕೂತ, ತಲೆ ಎತ್ತಿದರೆ ಹುಡುಗಿಯ ಮುಖ ನೋಡಬೇಕಲ್ಲ ಎಂದು.

"ಎರಡೇ," ಎಂದ ಕೊನೆಗೆ.

"ಹಾಗಾದ್ರೆ ಇದು ಇನ್ನೊಂದು ಹೊಸ ಬಗೆ ಅಲ್ವಾ ಸರ್?" ಹುಡುಗಿಯ ದನಿ ಕುಣಿಯುತ್ತಿತ್ತು. ಉತ್ತರಕ್ಕೆ ಕಾಯದೆ ಅಕ್ಕನ ಕೋಣೆಗೆ ಓಡಿದಳು.

ಹನ್ನೊಂದು ವರ್ಷದ ಹಿಂದೆ ಅಕ್ಕ ಕಾಲು ಬಿಡಿಸುವುದನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಅಳಿವೆಯ ಬಾಟಲಿಯಿಂದ ಕೈಗೆ ಸಿಕ್ಕ ಗಂಡೊಂದನ್ನು ತೆಗೆದಿದ್ದಳು. ಎಲ್ಲೆಲ್ಲೂ ಸಿಗುವ ಸಾಮಾನ್ಯ ಬಗೆ ಅದು ಎಂದೇ ಎಲ್ಲರ ಎಣಿಕೆ. ಬಲಗಾಲು ಬಿಡಿಸಿದರೆ ಬುಡದಲ್ಲಿ ಇರಬಾರದ ಒಂದು ಗುಬುಟು. ಪಾಠ ಅಲ್ಲಿಗೇ ನಿಂತಿತು. ಅಕ್ಕ ಎರಡೂ ಕಾಲನ್ನು ಗ್ಲಿಸರಿನ್ ಹನಿಯಲ್ಲಿಟ್ಟು, ಮೇಲೆ ತೆಳು ಗಾಜು ಮುಚ್ಚಿ, ಅವನ ಮೇಜಿಗೆ ತಂದಳು. "ಉಸಿರು ಬಿಗಿಹಿಡಿದು ಬರಿ. ನಾನು ನಿರ್ದೇಶಕರಿಗೆ ಹೇಳಿ ಬರ್ತೀನಿ."

ಮೈಕ್ರೋಸ್ಕೋಪಿಗೆ ಸಿಕ್ಕಿಸಿದ ಕನ್ನಡಿ ಕೊಳವೆಯಲ್ಲಿ ನೋಡಿದರೆ ಪ್ರಾಣಿಯೂ ಕಾಗದವೂ ಒಟ್ಟಿಗೆ ಕಾಣುತ್ತವೆ. ಕಂಡ ಗೆರೆಯ ಮೇಲೇ ಪೆನ್ಸಿಲ್ ಓಡಿಸಿದರಾಯಿತು. ಬಲಗಾಲು ಮುಗಿಯಿತು. ಎಡಗಾಲೂ ತುದಿಯವರೆಗೆ ಬಂತು. ಉಗುರಿನ ಹಲ್ಲುಗಳು ಸ್ಪಷ್ಟವಾಗಿ ಕಾಣಲೆಂದು ದೊಡ್ಡ ಲೆನ್ಸನ್ನು ತಿರುಗಿಸಿ ಕೆಳಗಿಳಿಸಿದ. ಪಕ್ಕದಿಂದ ಬಗ್ಗಿ ನೋಡುತ್ತ ಇಳಿಸಬೇಕು, ಮೊದಲ ದಿನ ಸೇರಿದವರಿಗೆ ಹೇಳಿಕೊಡುವ ಮೊದಲ ಮಾತು ಅದು. ಅವನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ. ಅಂದು ಕೊಳವೆಯಿಂದ ಕಣ್ಣು ತೆಗೆಯದೆ ಇಳಿಸಿದ. ಲೆನ್ಸು ಗಾಜಿಗೆ ಒತ್ತಿತು. ಸದ್ದೂ ಆಗಲಿಲ್ಲ. ಮತ್ತೆ ನೋಡಿದಾಗ ಎಡಗಾಲಿನ ಉಗುರಿದ್ದ ಜಾಗದಲ್ಲಿ ಹುಡಿ.

ಇಡೀ ಪ್ರಪಂಚದಲ್ಲಿ ಅಂಥದ್ದು ಅದೊಂದೇ.

ಸಣ್ಣ ಲೆನ್ಸಿನಲ್ಲಿ ಆ ಉಗುರನ್ನು ಒಂದು ಗಳಿಗೆ ಕಂಡಿದ್ದ. ಹಲ್ಲುಗಳಿದ್ದವು. ಎರಡೋ ಮೂರೋ? ಸಾಮಾನ್ಯ ಬಗೆಗೆ ಎರಡು. ಹೊಸದೆಂದ ಮೇಲೆ ಇದರಲ್ಲಿ ಬೇರೆ ಇರಬೇಕಲ್ಲವೇ? ಕೂತು ನೆನೆದಷ್ಟೂ ಮೂರು ಎನಿಸತೊಡಗಿತು. ಕಣ್ಣು ಮುಚ್ಚಿದರೆ ಮೂರೂ ಎದ್ದು ಕಂಡವು. ಮೂರು ಬರೆದ. ಮೂರನೆಯದನ್ನು ಸ್ವಲ್ಪ ಚಿಕ್ಕದಾಗಿ, ನಿಜದ್ದರಂತೆ ತುಸು ಬಾಗಿಸಿ ಬರೆದ.

ಅಕ್ಕ ಬಂದವಳು ಮೊದಲು ಚಿತ್ರ ನೋಡಿದಳು. ಮೂರು ಹಲ್ಲು ಎಣಿಸಿ, ಅವನ ತಲೆಯ ಮೇಲೆ ಕೈಯಿಟ್ಟು ಕೂದಲು ಕೆದರಿದಳು, ಅವನು ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ. ಹೇಳಬೇಕೆಂದು ಕೂಡಿಸಿಟ್ಟುಕೊಂಡಿದ್ದ ಮಾತು ಆ ಕೈಯ ಕೆಳಗೇ ಉಡುಗಿಹೋಯಿತು. "ಬರೆದಾದ ಮೇಲೆ ಗಾಜಿನ ಅಂಚಿಗೆ ಅಂಟು ಬಳಿಯುವಾಗ ಒತ್ತಿಬಿಡ್ತು ಅಕ್ಕ, ಎಡಗಾಲಿನ ತುದಿ ಸ್ವಲ್ಪ ಹೋಯ್ತು," ಎಂದ. ಅಕ್ಕನ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ, "ಹೋಗಲಿ ಬಿಡು. ಚಿತ್ರ ಇದೆಯಲ್ಲ," ಎಂದಳು.

ಆ ಹೊಸ ಬಗೆಗೆ ಅಕ್ಕ ಅಮ್ಮನ ಹೆಸರಿಟ್ಟಳು. "ಅಮ್ಮ ಇದ್ದಿದ್ರೆ, ಹುಳಕ್ಕೆ ನನ್ನ ಹೆಸರಾ ಅಂತ ಬೆನ್ನಿಗೆ ಗುದ್ದುತಿದ್ಲು," ಎಂದು ಇಬ್ಬರೂ ನಕ್ಕಿದ್ದರು.

ಒಂದೇ ಪ್ರಾಣಿಯ ಮೇಲೆ ನಿಂತ ಹೆಸರು ಯಾರಿಗೂ ಸಮಾಧಾನ ಕೊಡುವುದಿಲ್ಲ. ಎರಡನೆಯದು ಸಿಗಬೇಕು. ಹೀಗಾಗಿ ಅಕ್ಕ ಹುಡುಕಲು ಕೂತಳು. ತಿಂಗಳಿಗೊಂದು ಬಾಟಲಿ, ಬಾಟಲಿಗೆ ನೂರಾರು ಗಂಡುಗಳು. ಎಲ್ಲವನ್ನೂ ಬಿಡಿಸುತ್ತ ಕೂರಲು ಒಂದು ಜನ್ಮ ಸಾಲದು. ಬಲಗಾಲು ಹೊಟ್ಟೆಯಡಿ ಮಡಚಿಕೊಂಡಿರುತ್ತದೆ, ಬಿಡಿಸದೆ ಕಾಣದು. ಎಡಗಾಲಿನ ಉಗುರು ಮಾತ್ರ ಹೊರಗೆ ಚಾಚಿರುತ್ತದೆ. ಆದ್ದರಿಂದ ಅಕ್ಕ ಸುಲಭದ ದಾರಿ ಹಿಡಿದಳು. ಉಗುರು ನೋಡುವುದು, ಮೂರು ಹಲ್ಲಿದ್ದರೆ ಎತ್ತಿಡುವುದು, ಎರಡಿದ್ದರೆ ಸಾಮಾನ್ಯ ಎಂದು ಬಿಡುವುದು. ಹನ್ನೊಂದು ವರ್ಷ ಅವಳು ಸಂಸ್ಥೆಯ ಕೆಲಸ ಮುಗಿದ ಮೇಲೆ, ರಜೆಯ ದಿನಗಳಲ್ಲಿ, ಮೂರನೆಯ ಹಲ್ಲಿಗಾಗಿ ಹುಡುಕಿದಳು. ಮಸುಕು ಕಲೆ ಬಂದ ಮೇಲೂ ಕತ್ತು ಓರೆ ಮಾಡಿ, ಕಣ್ಣಂಚಿನಿಂದ ಹುಡುಕಿದಳು.

ಸಂಜೆ ಮನೆಯಲ್ಲಿ ಅಕ್ಕ ತಟ್ಟೆಯ ಮುಂದೆ ಕೂತು ಊಟ ಮರೆತು ಮಾತಾಡುತ್ತಿದ್ದಳು.

"ಅಮ್ಮನಿಗೊಬ್ಬಳು ತಂಗಿ ಸಿಕ್ಕಳು ನೋಡೋ! ಒಂದೇ ಅಳಿವೆ, ಎರಡು ಹೊಸ ಬಗೆ. ಒಂದಕ್ಕೆ ಎರಡು ಹಲ್ಲು, ಒಂದಕ್ಕೆ ಮೂರು. ಹುಡುಗಿ ಬರೀತಾಳೆ, ನಾನು ತಿದ್ತೀನಿ. ಶುಕ್ರವಾರ ಲೇಖನ ಪತ್ರಿಕೆಗೆ ಕಳಿಸಿಬಿಡೋಣ. ನಿವೃತ್ತಿಗೆ ಇನ್ನು ಹತ್ತೊಂಬತ್ತು ದಿನ ಇದೆ, ಅಷ್ಟರೊಳಗೆ ಇದೊಂದು ಆದ್ರೆ ಸಾಕು."

"ಅವಸರ ಏನಕ್ಕ?"

"ಅವಸರ ಏನಾ? ನಿನಗೆ ಕಣ್ಣಿದೆ, ನಿನಗೆ ಅವಸರ ಇಲ್ಲ." ಅವಳು ತಮಾಷೆಗೇ ಅಂದದ್ದು. ಅವನಿಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. "ಆ ಹುಡುಗಿ ಬಹಳ ಚುರುಕು. ಹಳೇ ಸ್ಲೈಡ್ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಬಹುದಾ ಅಂತ ಕೇಳಿದ್ಲು. ಎಡಗಾಲಿನ ತುದಿ ಹೋಗಿದೆಯಮ್ಮ, ಆದ್ರೆ ಚಿತ್ರ ಇದೆ, ಚಿತ್ರ ಸಾಕು ಅಂದೆ."

"ಅಕ್ಕ."

"ಏನೋ?"

ಗೋಡೆಯ ಆಚೆ ಪಕ್ಕದ ಮನೆಯವರ ನಲ್ಲಿ ಸುರಿಯುತ್ತಿತ್ತು. ನಿಂತಿತು. ಮತ್ತೆ ಸುರಿಯಿತು.

"ಆರಿಹೋಗ್ತಿದೆ, ಊಟ ಮಾಡು," ಎಂದ.

ಬುಧವಾರ ಮಧ್ಯಾಹ್ನ ಅವನು ಬಾಟಲಿಗಳ ಕೋಣೆಗೆ ಹೋದ. ಕಿಟಕಿಯಿಲ್ಲದ, ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುವ ಉದ್ದನೆಯ ಕೋಣೆ. ಅಳಿವೆಯ ಬಾಟಲಿಗಳು ಎಡಗಡೆಯ ಐದು ಅರೆಗಳಲ್ಲಿ ವರ್ಷವಾರು ನಿಂತಿದ್ದವು. ನೂರ ಮೂವತ್ತಕ್ಕೂ ಮೇಲೆ. ಆರು ವರ್ಷ ಹಿಂದಿನ ಒಂದನ್ನು ಇಳಿಸಿದ. ಒಳಗೆ ನೀರಿನಲ್ಲಿ ಮುಳುಗಿದ ಚೀಟಿಯಲ್ಲಿ ತಾರೀಕು, ಉಬ್ಬರದ ಹೊತ್ತು, ಕೆಳಗೆ ಅಕ್ಕನ ಪೆನ್ಸಿಲ್ ಅಕ್ಷರ: 'ನೋಡಿದೆ. ಇಲ್ಲ.' ಪಕ್ಕದ ಬಾಟಲಿಯಲ್ಲಿಯೂ ಅದೇ. ಅದರ ಪಕ್ಕದ್ದರಲ್ಲಿಯೂ. ಹೊಸ ಬಾಟಲಿಗಳ ಕಡೆ ಬಂದಂತೆ ಅಕ್ಷರಗಳು ದೊಡ್ಡದಾಗುತ್ತ, ಸೊಟ್ಟಗಾಗುತ್ತ, ಕೊನೆಕೊನೆಗೆ ಒಂದರ ಮೇಲೊಂದು ಹತ್ತಿ ಕೂತಿದ್ದವು. 'ಇಲ್ಲ' ಎಂಬುದಷ್ಟೇ ಓದಲು ಬರುತ್ತಿತ್ತು.

ಇಳಿಸಿದ ಬಾಟಲಿಯಿಂದ ಹತ್ತು ಗಂಡುಗಳನ್ನು ಎತ್ತಿ, ಬಾಗಿಲು ಹಾಕಿಕೊಂಡು ಕೂತು ಬಿಡಿಸಿದ. ಅಕ್ಕ ಸಾಮಾನ್ಯವೆಂದು ಬಿಟ್ಟಿದ್ದ, ಎರಡು ಹಲ್ಲಿನ ಗಂಡುಗಳು. ಎರಡನೆಯದರ ಬಲಗಾಲಿನ ಬುಡದಲ್ಲಿ ಗುಬುಟು ಇತ್ತು. ಐದನೆಯದರಲ್ಲಿ ಇತ್ತು. ಒಂಬತ್ತನೆಯದರಲ್ಲಿಯೂ.

ಅವನು ಸೂಜಿ ಕೆಳಗಿಟ್ಟ. ಇಲ್ಲದ್ದನ್ನು ಅಕ್ಕನ ಕೈಲಿ ಹುಡುಕಿಸಿದ್ದೇನೆ ಎಂದು ಇಷ್ಟು ವರ್ಷ ಒಳಗೊಳಗೇ ಬೇಯುತ್ತಿದ್ದ. ಅದಾದರೂ ಒಂದು ಥರ ವಾಸಿಯಿತ್ತು. ಇದ್ದದ್ದು ಪ್ರತಿ ಬಾಟಲಿಯಲ್ಲಿಯೂ ಅವಳ ಕಣ್ಣ ಕೆಳಗೇ ಹಾದುಹೋಗಿತ್ತು. ಅವಳು ಎರಡು ಎಂದು ಎಣಿಸಿ, ಸರಿಯಾಗಿ ಎಣಿಸಿ, ತಮ್ಮನ ಚಿತ್ರವನ್ನು ನಂಬಿ, ಪಕ್ಕಕ್ಕೆ ಸರಿಸಿದ್ದಳು. ಕಣ್ಣು ಚೆನ್ನಾಗಿದ್ದ ಒಂಬತ್ತು ವರ್ಷವೂ.

ಗುರುವಾರ ಊಟದ ಬಿಡುವಿನಲ್ಲಿ ಅಕ್ಕ ಕೋಣೆಯಲ್ಲಿ ಒಬ್ಬಳೇ ಇದ್ದಳು. ಹುಡುಗಿ ಬರೆದದ್ದನ್ನು ಪರದೆಯ ಮೇಲೆ ಬೊಗಸೆಗಾತ್ರದ ಅಕ್ಷರ ಮಾಡಿಕೊಂಡು, ಮುಖ ಓರೆ ಮಾಡಿ ಓದುತ್ತಿದ್ದಳು. ಅವನು ಒಳಗೆ ಬಂದು ಬಾಗಿಲು ಮುಂದೆ ಮಾಡಿದ. ಕೂರಲಿಲ್ಲ.

"ಮೂರನೇ ಹಲ್ಲು ನಾನು ಹಾಕಿದ್ದು ಅಕ್ಕ."

"ಏನು ಹಾಕಿದ್ದು?"

"ಅಮ್ಮನದು. ಎಡಗಾಲು. ಮೂರನೇ ಹಲ್ಲನ್ನ ನಾನು ನೋಡಿಲ್ಲ. ನೋಡೋದಕ್ಕೆ ಮುಂಚೆ ಲೆನ್ಸು ಇಳಿಸಿ ಪುಡಿ ಮಾಡಿಬಿಟ್ಟೆ. ಆಮೇಲೆ ಬರೆದದ್ದು. ಅಂದಾಜಿನಲ್ಲಿ."

ಅಕ್ಕ ಅವನ ಕಡೆ ತಿರುಗಿದಳು. ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಅವನ ಹೆಗಲಿನ ಮೇಲೆ, ಕಿವಿಯ ಆಚೆ ಎಲ್ಲೋ ಅವಳ ದೃಷ್ಟಿ ನಿಂತಿತ್ತು. ಕಿಟಕಿಯ ಹೊರಗೆ ಯಾರೋ ಬಲೆ ಕೊಡವುತ್ತಿದ್ದರು.

"ಯಾವ ಲೆನ್ಸು?" ಎಂದಳು.

"ದೊಡ್ಡದು."

"ಪಕ್ಕದಿಂದ ನೋಡದೇ ಇಳಿಸಿದೆಯಾ?"

"ಹೂಂ."

"ಉಳಿದ ಗೆರೆಗಳು?"

"ಎಲ್ಲಾ ನೋಡಿ ಬರೆದದ್ದೇ. ಆ ತುದಿ ಒಂದೇ." ಅವನು ತೊದಲಿದ. "ನಿನ್ನೆ ಹಳೇ ಬಾಟಲಿ ತೆಗೆದು ನೋಡ್ದೆ. ಹತ್ತರಲ್ಲಿ ಮೂರು ಇವೆ. ಗುಬುಟು ಇದೆ, ಹಲ್ಲು ಎರಡೇ. ಹುಡುಗಿಗೆ ಸಿಕ್ಕಿದ್ದು ತಂಗಿ ಅಲ್ಲ ಅಕ್ಕ. ಅದೇ ಇದು."

"ಯಾವ ವರ್ಷದ ಬಾಟಲಿ?"

ಹೇಳಿದ. ಅವಳು ಬೆರಳು ಮಡಚುತ್ತ ಏನೋ ಎಣಿಸಿದಳು. ಎಣಿಸಿ ಮುಗಿದ ಮೇಲೂ ಕೈ ಹಾಗೇ ಮಡಿಲಲ್ಲಿ ಮುಷ್ಟಿಯಾಗಿ ಉಳಿಯಿತು.

"ಅವತ್ತೇ ಹೇಳಬಹುದಿತ್ತಲ್ಲೋ."

"ಹೇಳಬಹುದಿತ್ತು."

"ಬೈತಿದ್ದೆ."

"ಗೊತ್ತು."

"ಎರಡು ದಿನ ಬೈತಿದ್ದೆ. ಹೆಚ್ಚಂದ್ರೆ ಮೂರು ದಿನ. ಆಮೇಲೆ?"

ಆಮೇಲೆ ಎರಡು ಹಲ್ಲಿನವನ್ನೂ ಬಿಡಿಸಿ ನೋಡುತ್ತಿದ್ದಳು. ಒಂದು ತಿಂಗಳಲ್ಲಿ ಎರಡನೆಯದು ಸಿಗುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಅತ್ತರೆ ಕಾಲು ಹಿಡಿಯಬೇಕೆಂದು, ಕೂಗಾಡಿದರೆ ತಲೆಬಗ್ಗಿಸಿ ನಿಲ್ಲಬೇಕೆಂದು ಅವನು ಅಂದುಕೊಂಡು ಬಂದಿದ್ದ. ಅಕ್ಕ ಎರಡೂ ಮಾಡಲಿಲ್ಲ.

"ತಿದ್ದುಪಡಿ ಬರೀಬೇಕು," ಎಂದಳು ಕೊನೆಗೆ. "ಹುಡುಗಿಯ ಲೇಖನ ನಿಲ್ಲಿಸಿ ಹೊಸದಾಗಿ ಮಾಡಬೇಕು. ಹಿಂದಿನ ಚಿತ್ರ ತಪ್ಪು, ಬಗೆ ಒಂದೇ, ಹಲ್ಲು ಎರಡು."

"ತಪ್ಪು ನನ್ನದು ಅಂತ ಬರಿ ಅಕ್ಕ. ಹೆಸರು ಹಾಕು."

"ನಿನ್ನ ಹೆಸರು ಲೇಖನದಲ್ಲಿ ಎಲ್ಲಿತ್ತು? ಕೊನೇ ಸಾಲಲ್ಲಿ ಕೃತಜ್ಞತೆ ಹೇಳಿದ್ದೆ, ಅಷ್ಟೆ. ಲೆನ್ಸು ಇಳಿಸಿದ್ದು ನೀನು. ಹಲ್ಲು ಎಷ್ಟು ಅಂತ ನೋಡದೇ ಸಹಿ ಹಾಕಿದ್ದು ನಾನು. ನನ್ನ ಹೆಸರೇ ಇರಲಿ."

"ಬೇಡಕ್ಕ."

"ಬೇಕು ಬೇಡ ಅನ್ನೋದನ್ನ ನೀನು ಹೇಳಬೇಡ ಈಗ."

ಇಡೀ ಹೊತ್ತಿನಲ್ಲಿ ಅವಳ ದನಿ ಏರಿದ್ದು ಅದೊಂದೇ ಮಾತಿಗೆ. ಆಮೇಲೆ ಅವಳು ಮೇಜಿನ ಅಂಚು ಹಿಡಿದು ಎದ್ದು, ದಾರಿ ಗೊತ್ತಿದ್ದವಳಂತೆ ನೇರ ನಡೆದು ಅವನ ಮೇಜಿನ ಹತ್ತಿರ ಬಂದಳು. "ಕೂತು ಬರಿ. ಹುಡುಗಿಯ ಸ್ಲೈಡ್ ಇಟ್ಟುಕೋ. ಎಡಗಾಲು."

ಅವನು ಬರೆದ. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಲೆನ್ಸನ್ನು ಪಕ್ಕದಿಂದ ಬಗ್ಗಿ ನೋಡುತ್ತ, ಕೂದಲೆಳೆಯಷ್ಟೇ ಇಳಿಸಿದ. ಉಗುರು ಕಂಡಿತು, ಎರಡು ಹಲ್ಲು ಕಂಡವು, ಪೆನ್ಸಿಲ್ ಅವುಗಳ ಮೇಲೇ ಓಡಿತು. ಮುಕ್ಕಾಲು ಗಂಟೆಯಲ್ಲಿ ಮುಗಿಸಿ, "ಆಯ್ತಕ್ಕ," ಎಂದ.

ಮೊದಲಾದರೆ ಇಲ್ಲಿಗೆ ಮುಗಿಯುತ್ತಿತ್ತು. ಅಕ್ಕ ಕಾಗದವನ್ನು ಕೈಗೆ ತೆಗೆದುಕೊಂಡು, "ಶಾಯಿ ಹಾಕಿಬಿಡು" ಎನ್ನುತ್ತಿದ್ದಳು. ಇಂದು ಅವಳು ಕಾಗದ ಮುಟ್ಟಲಿಲ್ಲ. ಬಾಗಿಲ ಕಡೆ ತಿರುಗಿ ಹುಡುಗಿಯನ್ನು ಕರೆದಳು.

"ಬಾಮ್ಮ ಇಲ್ಲಿ. ಸ್ಲೈಡ್ ನೋಡು, ಚಿತ್ರ ನೋಡು. ಎರಡೂ ಒಂದೇನಾ ಹೇಳು."

ಹುಡುಗಿ ಕಕ್ಕಾಬಿಕ್ಕಿಯಾಗಿ ಇಬ್ಬರನ್ನೂ ನೋಡಿದಳು. "ಸರ್ ಬರೆದಿದ್ದಾರಲ್ಲ ಮೇಡಂ, ಸರಿಯಾಗೇ ಇರುತ್ತೆ."

"ಇರುತ್ತೆ ಅನ್ನಬೇಡ. ನೋಡಿ ಹೇಳು."

ಅವನು ಕುರ್ಚಿ ಬಿಟ್ಟು ಎದ್ದ. ಇಪ್ಪತ್ತಾರು ವರ್ಷದಲ್ಲಿ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಅವನ ಚಿತ್ರವನ್ನು ಪ್ರಾಣಿಯ ಪಕ್ಕ ಇಟ್ಟು ನೋಡಿದ್ದಿಲ್ಲ. ಹುಡುಗಿ ಅಂಜುತ್ತ ಕೂತಳು. ತನಗೆ ಕೂರಲು ಬೇರೆ ಜಾಗ ಕಾಣದೆ ಅವನು ಗೋಡೆಗೆ ಬೆನ್ನು ಕೊಟ್ಟು ನಿಂತ.

"ಸರ್, ಏನಾಯ್ತು?" ಹುಡುಗಿ ಮೆಲ್ಲಗೆ ಕೇಳಿದಳು.

ನಕ್ಕು ಸುಮ್ಮನಾಗಲು ಹೋಗಿ, ಅವನು ತಡೆದುಕೊಂಡ. "ಹಿಂದಿನದರಲ್ಲಿ ನಾನು ನೋಡದೇ ಇದ್ದದ್ದನ್ನ ಬರೆದಿದ್ದೆ. ಆಮೇಲೆ ಎಲ್ಲಾ ಹೇಳ್ತೀನಿ. ಈಗ ಮೇಡಂ ಕೇಳಿದ್ದಕ್ಕೆ ಹೇಳಮ್ಮ."

ಹುಡುಗಿ ಬಗ್ಗಿ ಕಣ್ಣಿಟ್ಟಳು.

"ಹಲ್ಲು ಎಷ್ಟು?" ಅಕ್ಕ ಕೇಳಿದಳು.

"ಎರಡು ಮೇಡಂ."

"ಚಿತ್ರದಲ್ಲಿ?"

"ಚಿತ್ರದಲ್ಲೂ ಎರಡು."

"ಬುಡದ ಕೂದಲು?"

"ಸ್ಲೈಡಿನಲ್ಲಿ ಏಳು. ಚಿತ್ರದಲ್ಲಿ..." ಅವಳು ನಿಂತು ಮತ್ತೆ ಎಣಿಸಿದಳು. "ಏಳು."

"ಮುಂದಿನದು ಹೇಳು," ಎಂದಳು ಅಕ್ಕ, ಅವನ ಕಡೆ ನೋಡದೆ.